ಎಂಟು ತೊಟ್ಟಿಲಿಗೆ ಎಂಟು ಬೊಂತೆ

“ಏನ್ರೀ ಇದು? ಹೊಸಾ ಬಟ್ಟೆ ಕೊಟ್ಟು ಕಳ್ಸಿದ್ರೆ ಗುಜರಿ ಮಾಡ್ಕೊಂಡು ಬಂದಿದ್ದಾಳಲ್ರೀ ಈ ಮುದುಕಿ! ಇದರ ಮೇಲೆ ನಾಯಿನಾದ್ರೂ ಮಲಗ್ತದಾ?”

ಉದಯಕುಮಾರ್ ಕೌದಿಯಂಥ ಆ ಪುಟ್ಟ ಬೊಂತೆಯನ್ನು ಎರಡೇ ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಬಾಲ ಹಿಡಿದು ಬಿಸಾಕುವವನ ಹಾಗೆ ನೆಲಕ್ಕೆ ಬಿಟ್ಟ. ಅವನು ನರಸಾಪುರದ ಆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಎಚ್‌ಆರ್. ಅಲ್ಲಿ ಆರುನೂರು ಹೆಂಗಸರು ಮಿಷಿನ್ ತುಳಿಯುತ್ತಾರೆ, ಆ ಆರುನೂರು ಜನಕ್ಕೂ ಅವನು ‘ಎಚ್ಚಾರ್ ಸಾರು’. ಅದು ಮುಂದೆ ಕರೆಯುವ ಹೆಸರು. ಹಿಂದೆ ಕರೆಯುವ ಹೆಸರುಗಳು ಬೇರೆ ಇವೆ, ಅವು ಅವನ ತಾಯಿಯವರೆಗೂ ಹೋಗುತ್ತವೆ.

ಬೊಂತೆ ಬಿದ್ದಿದ್ದು ದೊಡ್ಡಗಂಗಮ್ಮನ ಕಾಲ ಬಳಿ. ಅರವತ್ತು ದಾಟಿದ ಹೆಂಗಸು. ಬಗ್ಗಿದರೆ ಮಂಡಿ ಲಟಕ್ಕೆನ್ನುತ್ತದೆ, ಎದ್ದರೆ ಸೊಂಟ ಹಿಡಿಯುತ್ತದೆ. ಆದರೂ ಬಗ್ಗಿದಳು. ಎತ್ತಿಕೊಂಡು, ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿ ಎದೆಗೆ ಒತ್ತಿ ಹಿಡಿದುಕೊಂಡಳು.

“ಗಂಜಿ ಬಿಡ್ಲಿ ಅಂತ ಒಗ್ದಿದ್ದು ಸಾರ್. ಹೊಸಾ ಬಟ್ಟೆ ಚುಚ್ತದೆ. ಎಳೇ ಕೂಸಿನ ಮೈಗೆ ಆಗಾಕಿಲ್ಲ.”

“ಎಷ್ಟು ಸಲ ಒಗ್ದೆ?”

“ಒಂಬತ್ತು ಸಲ.”

“ಒಂಬತ್ತು ಸಲ! ಕೇಳಿದ್ರಾ ಶ್ಯಾಮಲಮ್ಮ? ಹಳದಿ ಬಾತುಕೋಳಿ ಪ್ರಿಂಟ್ ಇತ್ತಲ್ರೀ ಆ ಬಟ್ಟೆ ಮೇಲೆ. ಬಾತುಕೋಳಿ ಎಲ್ಲಮ್ಮ? ಒಲೆ ಮೇಲಿಟ್ಟು ಬೇಯ್ಸ್ಕೊಂಡು ತಿಂದ್‌ಬಿಟ್ಯಾ?”

“ಅವೆ ಸಾರ್. ಕಣ್ಣಿಟ್ಟು ನೋಡಿದ್ರೆ ಕಾಣ್ತವೆ.”

ಪಕ್ಕದ ಕುರ್ಚಿಯಲ್ಲಿದ್ದ ಶ್ಯಾಮಲಮ್ಮ ಕಿಸಕ್ಕೆಂದು ನಕ್ಕಳು. ಅವಳು ಫ್ಯಾಕ್ಟರಿಯ ವೆಲ್‌ಫೇರ್ ಮೇಡಂ. ಕಾರ್ಮಿಕರ ಕಷ್ಟಸುಖ ನೋಡುವುದು ಅವಳ ಕೆಲಸ, ಆದ್ದರಿಂದ ದಿನವಿಡೀ ನೋಡುತ್ತಲೇ ಇರುತ್ತಾಳೆ. ಉಳಿದ ಏಳು ಬೊಂತೆಗಳ ಗಂಟಿನ ಮೇಲೆ ಮೊಣಕೈ ಊರಿ ಮೊಬೈಲ್ ನೋಡುತ್ತಿದ್ದಳು.

“ಮೆತ್ತಗೇನೋ ಐತೆ. ಒಳಗೇನು ತುಂಬಿದ್ದೀಯಮ್ಮ?”

“ಹಳೇ ಸೀರೆ ಮೇಡಂ. ನಂದು, ನಮ್ಮತ್ತೇದು, ಪಕ್ಕದ್ಮನೆ ವೆಂಕಟರತ್ನಮ್ಮಂದು.”

“ಎಲ್ಲಿ ನಿಮ್ಮನೆ? ಊರೊಳಗಾ?”

ಈ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ದೊಡ್ಡಗಂಗಮ್ಮನಿಗೆ ಅರವತ್ತು ವರ್ಷದಿಂದ ಗೊತ್ತು.

“ಕಾಲೋನಿ ಮೇಡಂ.”

ಶ್ಯಾಮಲಮ್ಮ ಮೊಣಕೈ ತೆಗೆದಳು. ವ್ಯಾನಿಟಿ ಬ್ಯಾಗಿನಿಂದ ಸಣ್ಣ ಬಾಟಲಿ ತೆಗೆದು ಅಂಗೈಗೆ ಸುರಿದುಕೊಂಡು ಮೊಣಕೈವರೆಗೂ ಉಜ್ಜಿಕೊಂಡಳು. ಆಸ್ಪತ್ರೆಯ ವಾಸನೆ ರೂಮೆಲ್ಲ ತುಂಬಿತು.

“ಇನ್ನೆರಡು ದಿನ ಐತೆ, ಬೇರೆ ಹೊಲ್ಸೋಕೆ ಟೈಮಿಲ್ಲ,” ಎಂದ ಉದಯಕುಮಾರ್. “ಸ್ಪ್ರೇ ಹೊಡ್ಸಿ ಇಡ್ರಿ. ಏಯ್ ಅಮ್ಮ, ನಾಡಿದ್ದು ನೀನೂ ಬಾ, ಆಯಾ ಥರ. ಸೀರೆ ನಾವು ಕೊಡ್ತೀವಿ. ಎಷ್ಟು ದಿನದಿಂದ ಕೆಲ್ಸ ಮಾಡ್ತಿದ್ದೀಯ ಅಂತ ಯಾರಾದ್ರೂ ಕೇಳಿದ್ರೆ ಎರಡು ವರ್ಷ ಅನ್ನು. ಬೇರೆ ಏನೂ ಬಾಯ್ಬಿಡ್ಬೇಡ.”

“ಆಮ್ಯಾಕೂ ಈ ತೊಟ್ಟಿಲು ರೂಮು ಇರ್ತದಲ್ವಾ ಸಾರ್? ದಿನಾ?”

“ಇರ್ತದಮ್ಮ. ಇರದೆ ಎಲ್ಲಿಗೆ ಎದ್ದೋಗ್ತದೆ?”

ಆ ಒಂದು ಮಾತಿಗೋಸ್ಕರ ದೊಡ್ಡಗಂಗಮ್ಮ ಬಾತುಕೋಳಿಯ ಬೈಗುಳವನ್ನೂ, ಬಾಟಲಿಯ ವಾಸನೆಯನ್ನೂ ನುಂಗಿಕೊಂಡು ಹೊರಗೆ ಬಂದಳು.

*

ಎಲ್ಲ ಶುರುವಾಗಿದ್ದು ಒಂದು ಹನಿ ಹಾಲಿನಿಂದ.

ಸಹನ ದೊಡ್ಡಗಂಗಮ್ಮನ ಸೊಸೆ. ಅದೇ ಫ್ಯಾಕ್ಟರಿಯಲ್ಲಿ ಐದು ವರ್ಷದಿಂದ ಅಂಗಿಗೆ ಕಾಲರ್ ಕೂರಿಸುತ್ತಾಳೆ. ಗಂಡ ಎಲ್ಲಪ್ಪ ಕೋಲಾರದ ಟೊಮೇಟೊ ಮಂಡಿಯಲ್ಲಿ ಬಾಕ್ಸು ಹೊರುತ್ತಾನೆ. ಲೋಡು ಬಂದ ದಿನ ಕೆಲಸ, ಬರದ ದಿನ ಬೀಡಿ. ತಿಂಗಳಾದರೆ ಬರುವ ಸಂಬಳ ಅಂತ ಆ ಮನೆಯಲ್ಲಿ ಇರುವುದು ಸಹನಳದೊಂದೇ. ಹೆರಿಗೆಗೆ ಆರು ತಿಂಗಳು ರಜ ಕೊಡಬೇಕೆಂದು ಕಾನೂನಿದೆಯಂತೆ. ಇವಳಿಗೆ ಮೂರು ತಿಂಗಳು ತುಂಬಿದ ದಿನವೇ ಫೋನು ಬಂತು: ‘ಬರ್ತೀಯೋ, ಬೇರೆಯವಳನ್ನ ಕೂರಿಸ್ಲೋ?’ ಸಹನ ಹಸಿ ಮೈಯಲ್ಲೇ ಬೆಳಗಿನ ಆರೂವರೆಯ ಕಂಪನಿ ಬಸ್ಸು ಹತ್ತಿದಳು.

ಕೂಸು ಅಜ್ಜಿಯ ಹತ್ತಿರ ಉಳಿಯಿತು. ಹೆಣ್ಣು ಕೂಸು. ಬಾಟಲಿ ಬಾಯಿಗಿಟ್ಟರೆ ನಾಲಗೆಯಲ್ಲಿ ತಳ್ಳುತ್ತದೆ. ಪುಡಿ ಹಾಲು, ಹಸುವಿನ ಹಾಲಿಗೆ ನೀರು, ಅಕ್ಕಿ ಗಂಜಿಯ ತಿಳಿ, ಏನು ಕೊಟ್ಟರೂ ಥೂ ಎಂದು ಉಗಿದು, ಕೈ ಮುಷ್ಟಿ ಮಾಡಿಕೊಂಡು ಸಂಜೆಯವರೆಗೂ ಅರಚುತ್ತದೆ. ಅಂಗನವಾಡಿ ತಕ್ಕಡಿಯಲ್ಲಿ ಮೂರನೇ ತಿಂಗಳಲ್ಲಿ ಎಲ್ಲಿತ್ತೋ ಮುಳ್ಳು ಐದನೇ ತಿಂಗಳಲ್ಲೂ ಅಲ್ಲೇ ನಿಂತಿತು. “ತಾಯಿ ಹಾಲೇ ಕೊಡ್ಬೇಕಮ್ಮ. ಹಗಲೊತ್ತು ಎರಡು ಸಲನಾದ್ರೂ ಕೊಡ್ದಿದ್ರೆ ಈ ಮಗು ನಿಮ್ಮ ಕೈಗೆ ದಕ್ಕಲ್ಲ,” ಎಂದಿದ್ದಳು ಟೀಚರಮ್ಮ. ದೊಡ್ಡಗಂಗಮ್ಮ ನಾಲ್ಕು ಹೆತ್ತು ಎರಡನ್ನು ಮಣ್ಣಿಗೆ ಕೊಟ್ಟವಳು. ಅವಳಿಗೆ ಆ ಮಾತನ್ನು ಎರಡನೇ ಸಲ ಹೇಳಬೇಕಾಗಿರಲಿಲ್ಲ.

ಅತ್ತ ಫ್ಯಾಕ್ಟರಿಯಲ್ಲಿ ಹನ್ನೊಂದು ಗಂಟೆಯಾದರೆ ಸಹನಳ ಎದೆ ಕಟ್ಟಿ ಕಲ್ಲಾಗುತ್ತಿತ್ತು. ಟಾಯ್ಲೆಟ್ಟಿಗೆ ಹೋಗಿ ಹಾಲನ್ನು ಗೋಡೆಗೆ ಹಿಂಡಿ ಬರಬೇಕು. ಹೋಗಲಿಕ್ಕೆ ಟೋಕನ್ ಬೇಕು. ನಲವತ್ತು ಮಿಷಿನ್ನಿನ ಲೈನಿಗೆ ಇರುವುದು ಒಂದೇ ಟೋಕನ್. ಒಂದು ದಿನ ಟೋಕನ್ ಕೈಗೆ ಬರುವ ಮೊದಲೇ ಹಾಲು ಬಂದುಬಿಟ್ಟಿತು. ಒಂದೇ ಒಂದು ಹನಿ, ಬಿಳೀ ಕಾಲರಿನ ಮೇಲೆ.

ಸೂಪರ್‌ವೈಸರ್ ಸುಬ್ರಮಣಿ ಆ ಕಾಲರನ್ನು ಬಾವುಟದ ಹಾಗೆ ಎತ್ತಿ ಹಿಡಿದ. “ಯಾವಳೇ ಇದು? ಏನ್ ಕಲೆ ಇದು? ಓ, ನೀನಾ! ಹಾಲು ಕರೆಯೋದಿದ್ರೆ ಕ್ಯಾಲನೂರು ಡೈರಿ ಮುಂದೆ ಕ್ಯೂ ನಿಂತ್ಕೊಳ್ಳೆ. ಫ್ಯಾಟ್ ನೋಡಿ ರೇಟ್ ಹಾಕ್ತಾರೆ!”

ಕಟಿಂಗ್ ಟೇಬಲ್ಲಿನ ಗಂಡಸರು ಹೋ ಎಂದು ನಕ್ಕರು. ಸಹನ ತಲೆ ತಗ್ಗಿಸಿ ಮುಂದಿನ ಪೀಸಿಗೆ ಕೈ ಹಾಕಿದಳು. ಪಕ್ಕದ ಮಿಷಿನ್ನಿನ ತರನ್ನುಮ್ ಮಾತ್ರ ಅವನ ಬಾಯಿಗೆ ಹುಳ ಬೀಳಲೆಂದು ದಖ್ನಿಯಲ್ಲಿ ಉದ್ದಕ್ಕೆ ಶಪಿಸಿದಳು. ಏಳೆಂಟು ತಿಂಗಳ ಮಗನನ್ನು ಅವಳೂ ಮನೆಯಲ್ಲಿ ಬಿಟ್ಟು ಬಂದಿದ್ದಳು.

ಅದಾಗಿ ನಾಲ್ಕೇ ದಿನಕ್ಕೆ ಎಚ್ಚಾರ್ ಸಾರು ಎಳೇ ಮಕ್ಕಳಿರುವ ಎಂಟು ಜನ ಹೆಂಗಸರನ್ನು ಕರೆಸಿದ. ಬಟ್ಟೆ ಕೊಳ್ಳುವ ಫಾರಿನ್ ಕಂಪನಿಯವರು ಬರುತ್ತಿದ್ದಾರೆ, ಮಕ್ಕಳಿಗೊಂದು ರೂಮು ಇದೆಯಾ ಅಂತ ನೋಡುತ್ತಾರೆ, ಆದ್ದರಿಂದ ಮಾಡುತ್ತಿದ್ದೇವೆ ಎಂದ.

“ತೊಟ್ಟಿಲು ಕಂಪನಿದು, ಬಟ್ಟೆನೂ ಕಂಪನಿದು. ಹಾಸಿಗೆ ಮಾತ್ರ ನೀವು ಕೈಯಲ್ಲೇ ಹೊಲ್ಕೊಂಡು ಬರ್ಬೇಕು. ಹೋಮ್‌ಮೇಡ್ ಅಂದ್ರೆ ಅವರಿಗೆ ಪ್ರಾಣ.”

“ಇಷ್ಟೊಂದು ಮಿಷಿನ್ ಇಟ್ಕೊಂಡು ಕೈಯಲ್ಲಿ ಯಾಕೆ ಸಾರ್?” ಎಂದಳು ತರನ್ನುಮ್.

“ಕೊಟ್ಟಿದ್ದು ಮಾಡಮ್ಮ. ಮಕ್ಕಳು ಇಲ್ಲೇ ಇರ್ತಾವೆ, ಹನ್ನೊಂದಕ್ಕೊಂದು ಸಲ, ಊಟಕ್ಕೊಂದು ಸಲ ಹೋಗಿ ಹಾಲು ಕೊಟ್ಟು ಬರ್ಬೋದು. ಬೇಡ್ವಾ?”

ಬೇಡ ಅನ್ನುವವರು ಯಾರಿದ್ದರು? ಎಂಟು ಜನರಲ್ಲಿ ಮನೆಗೆ ಹೋಗಿ ಸೂಜಿ ಹಿಡಿಯುವಷ್ಟು ಜೀವ ಉಳಿದವರೂ ಯಾರೂ ಇರಲಿಲ್ಲ. “ನಮ್ಮತ್ತೆ ಹೊಲಿತಾರೆ, ಎಂಟೂ,” ಎಂದುಬಿಟ್ಟಳು ಸಹನ.

*

“ಎಂಟಾ? ನನ್ನ ಕಣ್ಣೇನು ಹದಿನಾರು ಅವೇನೇ?” ಎಂದು ಬೈದಳು ದೊಡ್ಡಗಂಗಮ್ಮ. ಬೈದು, ಡಬ್ಬಿಯಿಂದ ಸೂಜಿ ತೆಗೆದಳು.

ಸೂಜಿಗೆ ದಾರ ಪೋಣಿಸುವುದಕ್ಕೇ ಅವಳಿಗೆ ಅರ್ಧ ಗಳಿಗೆ ಬೇಕು. ಬೀದಿಯಲ್ಲಿ ಹೋಗುವವರನ್ನು ಕರೆದು ದಾರ ಹಾಕಿಸಿಕೊಂಡು, ಹತ್ತು ಸೂಜಿಗಳನ್ನು ಸಾಲಾಗಿ ಸೆರಗಿಗೆ ಚುಚ್ಚಿಕೊಂಡು ಕೂರುತ್ತಿದ್ದಳು. ಗಟ್ಟಿ ನೂಲನ್ನು ತರನ್ನುಮ್ ತಂದುಕೊಟ್ಟಳು. ಅವಳ ಮಾವ ಲತೀಫ್ ಸಾಬರು ಕೋಲಾರದಲ್ಲಿ ಹಾಸಿಗೆ ಹೊಲಿಯುವವರು.

ದೊಡ್ಡವರ ಬೊಂತೆ ಬೇರೆ, ಕೂಸಿನ ಬೊಂತೆ ಬೇರೆ. ದೊಡ್ಡವರದಕ್ಕೆ ಏನು ತುಂಬಿದರೂ ನಡೆಯುತ್ತದೆ, ಗಂಟು ಎಲ್ಲಿ ಬಂದರೂ ಕೇಳುವವರಿಲ್ಲ. ಕೂಸಿನದಕ್ಕೆ ಗಂಟು ಮೇಲೆ ಬರಬಾರದು, ಪ್ರತಿ ಗಂಟನ್ನೂ ಪದರದ ಒಳಕ್ಕೆ ಎಳೆದು ಮುಚ್ಚಬೇಕು. ಅಂಚಿನಿಂದ ಶುರುಮಾಡಿ ಸುತ್ತಿ ಸುತ್ತಿ ನಡುವಿಗೆ ಬರಬೇಕು. ಹೊಲಿಗೆ ಇರುವೆ ಸಾಲಿನ ಹಾಗೆ ಸಣ್ಣಗಿರಬೇಕು, ಇಲ್ಲದಿದ್ದರೆ ಕೂಸಿನ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯ, ಕೂಸಿನ ಮೊದಲ ಹಾಸಿಗೆಗೆ ಹೊಸ ಬಟ್ಟೆ ಆಗದು. ಹೆತ್ತ ಮಕ್ಕಳನ್ನೆಲ್ಲ ಉಳಿಸಿಕೊಂಡ ಮುದುಕಿಯ ಹಳೇ ಸೀರೆ ಅದರೊಳಗಿರಬೇಕು. ಕಾಲೋನಿಯಲ್ಲಿ ಅಂಥವಳು ಒಬ್ಬಳೇ, ವೆಂಕಟರತ್ನಮ್ಮ. ಏಳು ಹೆತ್ತು ಏಳನ್ನೂ ಉಳಿಸಿಕೊಂಡವಳು. ಅವಳ ಸೀರೆಗೆ ಆ ಬೀದಿಯಲ್ಲಿ ಅಷ್ಟು ಗಿರಾಕಿ ಎಂದರೆ, ಇನ್ನೂ ಉಡುತ್ತಿರುವಾಗಲೇ ಬಸುರಿಯರು ಬಂದು ಹೇಳಿಟ್ಟು ಹೋಗುತ್ತಾರೆ.

“ಎಂಟಕ್ಕೂ ನಂದೇ ಬೇಕಾ? ನಾನೇನು ಬರೀ ಮೈಯಾಗೆ ತಿರುಗಲಾ ಮುಂಡೆ?” ಎಂದು ರೇಗಿದಳು ವೆಂಕಟರತ್ನಮ್ಮ.

“ಒಂದೇ ಸೀರೆ ಕೊಡೇ. ಎಂಟು ಸೀಳು ಮಾಡ್ಕೋತೀನಿ.”

“ಯಾರ್ಯಾರ ಮಕ್ಳಿಗೋ?”

“ಎಂಟರಾಗೆ ಒಂದು ನಮ್ದು. ಉಳಿದವು ನಮ್ಮಂಥೋರ್ದೇ.”

ವೆಂಕಟರತ್ನಮ್ಮ ಒಳಗೆ ಹೋಗಿ ಉಟ್ಟಿದ್ದನ್ನೇ ಬಿಚ್ಚಿ ಬದಲಾಯಿಸಿಕೊಂಡು ಬಂದು ಎಸೆದಳು.

ಕಂಪನಿ ಕೊಟ್ಟ ಬಾತುಕೋಳಿಯ ಬಟ್ಟೆ ತಗಡಿನ ಹಾಗೆ ನಿಲ್ಲುತ್ತಿತ್ತು. ಹಳೆಯದನ್ನು ಒಳಗಿಟ್ಟು ಹೊಸದನ್ನು ಮೇಲೆ ಹಾಕಿದರೆ ಏನು ಬಂತು? ಕೂಸಿನ ಕೆನ್ನೆಗೆ ತಾಗುವುದು ಹೊಸದೇ ತಾನೆ? ಅದಕ್ಕೇ ಒಂಬತ್ತು ನೀರಿನಲ್ಲಿ ಒಗೆದಳು, ಕಲ್ಲಿಗೆ ಬಡಿದಳು, ಬಿಸಿಲಿಗೆ ಹಾಕಿದಳು, ಮತ್ತೆ ಒಗೆದಳು. ಬಾತುಕೋಳಿಗಳು ಒಂದೊಂದಾಗಿ ಮಾಸಿದವು. ಬಟ್ಟೆ ಹಿಂಡಿದ ಮೊಸರಿನ ಹಾಗೆ ಮೆತ್ತಗಾಯಿತು. ಇದನ್ನು ನೋಡಿ ಆ ಮಹಾರಾಯ ಖುಷಿಪಡುತ್ತಾನೆ ಎಂದುಕೊಂಡಿದ್ದಳು.

ಎಂಟು ದಿನ. ಒಂದು ಕಾಲು ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿ ಕಾಲಾಡಿಸುತ್ತಾ ಹೊಲಿದಳು. ಕೂಸು ಅತ್ತರೆ ಸೂಜಿ ಬಿಟ್ಟು ಎತ್ತಿಕೊಂಡಳು, ನಿದ್ದೆ ಹೋದರೆ ಇಳಿಸಿ ಸೂಜಿ ಹಿಡಿದಳು. ಆರನೇ ದಿನಕ್ಕೆ ಬಲಗೈಯ ಹೆಬ್ಬೆರಳು ಊದಿ ಬದನೆಕಾಯಿಯಾಯಿತು. ಎಡಗೈಯಲ್ಲಿ ಹೊಲಿದಳು. ಎಂಟನೇ ದಿನ ಕೊನೆಯ ದಾರವನ್ನು ಹಲ್ಲಲ್ಲಿ ಕಡಿದಾಗ ಅವಳಿಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಹಾಗೇ ಗೋಡೆಗೆ ಒರಗಿದಳು, ಎದ್ದಾಗ ಒಲೆ ಆರಿಹೋಗಿತ್ತು.

*

ಫಾರಿನ್‌ನವರು ಬರುವ ದಿನ ಸಹನ ಕೂಸನ್ನು ಎತ್ತಿಕೊಂಡು ಮುಂದಿನ ಗೇಟಿನಲ್ಲಿ ಹೋದಳು. ದೊಡ್ಡಗಂಗಮ್ಮನನ್ನು ಹಿಂದಿನ ಗೇಟಿಗೆ ಕಳಿಸಿದರು. ಅಲ್ಲಿ ಸೆಕ್ಯೂರಿಟಿ ಮುನಿಶಾಮಿ ಇದ್ದ. ಪಕ್ಕದ ಊರಿನವನು, ಒಂದು ಕಾಲದಲ್ಲಿ ಇವಳ ಜೊತೆ ಕೂಲಿಗೆ ಬರುತ್ತಿದ್ದವನು.

“ಏನಕ್ಕ, ಈ ಸಲ ನಿನ್ನ ಹಿಡಿದವ್ರಾ ಆಯಾ ವೇಸಕ್ಕೆ?”

“ಈ ಸಲ ಅಂದ್ರೆ? ಹೋದ ಸಲ ಬೇರೆ ಯಾರಾನಾ ಇದ್ರಾ?”

“ಎರಡು ವರ್ಸದಾಗೆ ಇದು ಮೂರನೇ ತೊಟ್ಟಿಲು ಹಬ್ಬ ಕಣಕ್ಕ. ಬೆಳಿಗ್ಗೆ ಇಳಿಸ್ತಾರೆ, ಅವರ ಕಾರು ಆ ಕಡೆ ಹೋಗ್ತಿದ್ದಂಗೆ ಮ್ಯಾಕೆ ಸ್ಟೋರಿಗೆ ಏರಿಸ್ತಾರೆ. ನಾನೇ ಹೊತ್ತಿವ್ನಿ.”

“ನಿಜ ಯೋಳ್ತಿದ್ದೀಯೇನ್ಲಾ?”

“ನನ್ ಮಕ್ಳಾಣೆ.”

ಅಷ್ಟರಲ್ಲಿ ಶ್ಯಾಮಲಮ್ಮ ಬಂದು ಒಂದು ತಿಳಿ ನೀಲಿ ಸೀರೆಯನ್ನು ದೂರದಿಂದಲೇ ಚಾಚಿದಳು, ಕತ್ತಿಗೆ ಹಾಕಿಕೊಳ್ಳಲು ಒಂದು ಕಾರ್ಡು ಕೊಟ್ಟಳು. ಕಾರ್ಡಿನಲ್ಲಿ ಯಾರದೋ ಹೆಸರು ಇತ್ತು, ಯಾರದೋ ಫೋಟೋ ಇದ್ದ ಕಡೆ ಉಜ್ಜಿ ತೆಗೆದಿದ್ದರು. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ ಬಂತು. ಇವಳಿಗೆ ಪೇಪರ್ ಲೋಟದಲ್ಲಿ ಬಂತು.

“ಕುಡ್ದಾದ್ಮೇಲೆ ಕಸದ ಬುಟ್ಟಿಗೆ ಹಾಕ್‌ಬಿಡಮ್ಮ,” ಎಂದಳು ಶ್ಯಾಮಲಮ್ಮ, ಬಹಳ ಮೆದುವಾಗಿ.

ರೂಮು ಕೆಳಗಿನ ಅಂತಸ್ತಿನ ಮೂಲೆಯಲ್ಲಿತ್ತು. ಒಂದು ಬಾಗಿಲು, ಹಿಂದಿನ ಅಂಗಳದ ಕಡೆ ಕಬ್ಬಿಣದ ಸರಳಿನ ಒಂದು ಕಿಟಕಿ. ಗೋಡೆಗೆ ಜಿರಾಫೆ, ಆನೆ ಅಂಟಿಸಿದ್ದರು. ಎಂಟು ತೊಟ್ಟಿಲು, ಎಂಟು ಬೊಂತೆ, ಎಂಟು ಮಕ್ಕಳು. ತರನ್ನುಮ್‌ಳ ಮಗ ತೊಟ್ಟಿಲಿನ ಸರಳು ಹಿಡಿದು ಎದ್ದು ನಿಂತು ಎಲ್ಲರನ್ನೂ ವಿಚಾರಣೆ ಮಾಡುವವನ ಹಾಗೆ ನೋಡುತ್ತಿದ್ದ. ಹನ್ನೊಂದಕ್ಕೆ ತಾಯಂದಿರನ್ನು ಬಿಟ್ಟರು. ಸಹನ ಓಡಿಬಂದು ಕೂಸನ್ನು ಮಡಿಲಿಗೆ ಎಳೆದುಕೊಂಡಳು. ಕೂಸು ಗಬಗಬ ಕುಡಿಯಿತು, ಕೆಮ್ಮಿತು, ಮತ್ತೆ ಕುಡಿಯಿತು. ಹಗಲು ಹೊತ್ತಿನಲ್ಲಿ ತಾಯಿಯ ಹಾಲು ಕಂಡು ಅದಕ್ಕೆ ಎರಡು ತಿಂಗಳಾಗಿತ್ತು. ಕುಡಿದು, ಬಾಯಿಯಿಂದ ಹಾಲು ಸುರಿಯುತ್ತಿದ್ದ ಹಾಗೇ ನಿದ್ದೆ ಹೋಯಿತು. ಮುಷ್ಟಿ ಬಿಚ್ಚಿತ್ತು.

“ನೋಡತ್ತೆ, ಕೈ ಬಿಟ್ಟವ್ಳೆ!” ಎಂದಳು ಸಹನ. ಅವಳ ಮುಖದಲ್ಲಿ ಅಂಥ ಬೆಳಕನ್ನು ದೊಡ್ಡಗಂಗಮ್ಮ ಮದುವೆಯ ದಿನವೂ ನೋಡಿರಲಿಲ್ಲ. ಮುನಿಶಾಮಿ ಹೇಳಿದ್ದನ್ನು ನುಂಗಿಕೊಂಡು ಕೂಸಿನ ಬಾಯಿ ಒರೆಸಿದಳು.

ಹನ್ನೆರಡಕ್ಕೆ ಅವರು ಬಂದರು. ಎತ್ತರದ ಒಬ್ಬ ಬಿಳೀ ಹೆಂಗಸು, ಜೊತೆಗೆ ಬೆಂಗಳೂರಿನ ಒಬ್ಬ ಹುಡುಗಿ, ಹೇಳಿದ್ದನ್ನು ಕನ್ನಡ ಮಾಡುವುದಕ್ಕೆ. ಬಿಳೀ ಹೆಂಗಸು ತೊಟ್ಟಿಲಿಗೆ ಕೈಯಿಟ್ಟು ಬೊಂತೆಯನ್ನು ಸವರಿದಳು. ಸವರಿ, ಕೆನ್ನೆಗೆ ಒತ್ತಿಕೊಂಡು ಏನೋ ಅಂದಳು.

“ಇಷ್ಟು ಮೆತ್ತಗೆ ಹೇಗೆ ಬಂತು ಅಂತ ಕೇಳ್ತಿದ್ದಾರೆ. ಬಣ್ಣ ಮಾಸಿದ ಥರ ಇರೋದೇ ತುಂಬ ಚೆನ್ನಾಗಿದೆಯಂತೆ. ಯಾರು ಮಾಡಿದ್ದು?”

“ನಮ್ಮ ವೆಲ್‌ಫೇರ್ ಟೀಮಿನ ಐಡಿಯಾ,” ಎಂದ ಉದಯಕುಮಾರ್. ಬಾತುಕೋಳಿಯನ್ನು ಹುಡುಕಿದ್ದ ಅದೇ ಬಾಯಿ. “ತಾಯಂದಿರೇ ಪ್ರೀತಿಯಿಂದ ಮಾಡಿದ್ದಾರೆ ಮೇಡಂ.”

ಫೋಟೋ ತೆಗೆಯುವಾಗ ದೊಡ್ಡಗಂಗಮ್ಮನನ್ನು ಸ್ವಲ್ಪ ಪಕ್ಕಕ್ಕೆ, ಇನ್ನೂ ಸ್ವಲ್ಪ ಪಕ್ಕಕ್ಕೆ ಎಂದು ಬಾಗಿಲವರೆಗೂ ಸರಿಸಿದರು. ಕೊನೆಗೆ ಆ ಹುಡುಗಿ ಇವಳ ಕಡೆ ತಿರುಗಿದಳು. “ಅಜ್ಜಿ, ನೀವು ಎಷ್ಟು ದಿನದಿಂದ ಇಲ್ಲಿ ಕೆಲ್ಸ ಮಾಡ್ತಿದ್ದೀರ?”

ಉದಯಕುಮಾರ್ ಕೆಮ್ಮಿದ. ದೊಡ್ಡಗಂಗಮ್ಮ ಆ ಹುಡುಗಿಯ ಮುಖ ನೋಡಿದಳು. ನಿಜ ಹೇಳಿದರೆ ಇವರು ಆರ್ಡರ್ ಕಿತ್ತುಕೊಂಡು ಹೋಗುತ್ತಾರೆ, ಆರುನೂರು ಮಿಷಿನ್ ನಿಲ್ಲುತ್ತದೆ, ಆರುನೂರು ಒಲೆ ಆರುತ್ತದೆ. ಎಚ್ಚಾರ್ ಸಾರಿಗೆ ಇನ್ನೊಂದು ಫ್ಯಾಕ್ಟರಿ ಸಿಗುತ್ತದೆ.

“ಎರಡು ವರ್ಸ,” ಎಂದಳು.

ಹೇಳಿದ ಮೇಲೆ ಬಾಯಿಯೊಳಗೆ ಬೇವು ಅಗಿದ ಹಾಗಾಯಿತು.

*

ಕಾರು ಗೇಟು ದಾಟಿ ಹತ್ತು ನಿಮಿಷವೂ ಆಗಿರಲಿಲ್ಲ.

“ಬೇಗ ಬೇಗ! ಮಕ್ಕಳನ್ನ ಎತ್ತಿ ಸೆಕ್ಯೂರಿಟಿ ರೂಮಲ್ಲಿ ಕೂರ್ಸಿ, ಮನೆಯವರಿಗೆ ಫೋನ್ ಮಾಡಿ ಬಂದು ಕರ್ಕೊಂಡೋಗ್ಲಿ. ತೊಟ್ಟಿಲು ಮೇಲಕ್ಕೆ. ಆ ಹಾಸಿಗೆನೆಲ್ಲ ಕವರಲ್ಲಿ ಹಾಕಿ ಕಟ್ಟಿಡ್ರಿ, ಮುಂದಿನ ಸಲಕ್ಕೆ ಆಗ್ತದೆ,” ಎಂದು ಕಾರಿಡಾರಿನಿಂದಲೇ ಕೂಗಿದ ಉದಯಕುಮಾರ್.

“ಸಾರ್, ದಿನಾ ಇರ್ತದೆ ಅಂದಿದ್ರಲ್ಲ ಸಾರ್?” ಎಂದಳು ದೊಡ್ಡಗಂಗಮ್ಮ.

“ಇರ್ತದಮ್ಮ, ಇರ್ತದೆ. ಪರ್ಮಿಶನ್ ಬರ್ಲಿ. ಮೇಲಿನೋರು ಹೇಳ್ಬೇಕು.”

“ಯಾವ ಮೇಲಿನೋರು ಸಾರ್?”

“ಏಯ್, ನಿನಗೆ ಲೆಟರ್ ಬರ್ಕೊಡ್ಬೇಕಾ? ಸೀರೆ ಬಿಚ್ಚಿಟ್ಟು ಹೋಗು.”

ಶ್ಯಾಮಲಮ್ಮ ಕೈಗೆ ಪ್ಲಾಸ್ಟಿಕ್ ಗ್ಲೌಸು ಹಾಕಿಕೊಂಡಿದ್ದಳು. ಮೊದಲ ತೊಟ್ಟಿಲಿನದೇ ಸಹನಳ ಕೂಸು. ಅದು ಮಲಗಿದ್ದ ಹಾಗೇ, ಅದನ್ನು ಎತ್ತದೆ, ಮೇಜಿನ ಮೇಲಿನ ಬಟ್ಟೆ ಎಳೆಯುವ ಹಾಗೆ ಬೊಂತೆಯ ತುದಿ ಹಿಡಿದು ಎಳೆದಳು. ಕೂಸು ಬರೀ ಹಲಗೆಯ ಮೇಲೆ ಮಗುಚಿಕೊಂಡು, ಹಣೆ ತಾಗಿ, ಒಂದು ಗಳಿಗೆ ಉಸಿರು ಕಟ್ಟಿ, ಆಮೇಲೆ ಕಿಟಾರನೆ ಕಿರುಚಿತು.

ದೊಡ್ಡಗಂಗಮ್ಮ ಹೋಗಿ ಕೂಸನ್ನು ಎತ್ತಿಕೊಂಡಳು. ಹಣೆ ಮುಟ್ಟಿ ನೋಡಿದಳು, ಕೆಂಪಾಗಿತ್ತು. ಅವಳು ಕೂಗಲಿಲ್ಲ. ದನಿ ಎತ್ತುವುದಕ್ಕೂ ಸಾಕಾಗಿತ್ತು.

“ಮೇಡಂ, ಸ್ವಲ್ಪ ಆಚೆ ಇರಿ. ಎಲ್ಲಾ ಹೇತ್ಕೊಂಡವೆ. ತೊಳೆದು ಕೊಡ್ತೀನಿ.”

ಹೇಲು ಎಂದ ಕೂಡಲೇ ಶ್ಯಾಮಲಮ್ಮ ಮೂಗು ಮುಚ್ಚಿಕೊಂಡು ಬಾಗಿಲಾಚೆ ಹೋದಳು. ದೊಡ್ಡಗಂಗಮ್ಮ ಬಾಗಿಲು ಹಾಕಿದಳು. ಮೇಲಿನ ಚಿಲಕ ಹಾಕಿದಳು. ಕೆಳಗಿನದೂ ಹಾಕಿದಳು. ಕಿತ್ತಿದ್ದ ಬೊಂತೆಯನ್ನು ಮತ್ತೆ ಹಾಸಿ, ಸುಕ್ಕು ತೀಡಿ, ಕೂಸನ್ನು ಮಲಗಿಸಿ, ತಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಹತ್ತು ದಿನದಲ್ಲಿ ಮೊದಲ ಸಲ ಕಾಲು ಎರಡನ್ನೂ ಚಾಚಿದಳು.

ಮೊದಲು ತಟ್ಟಿದರು, ಆಮೇಲೆ ಬಡಿದರು.

“ಏಯ್ ಮುದುಕಿ! ತೆಗೀತೀಯೋ ಇಲ್ವೋ?”

“ಇಲ್ಲ.”

“ಇಲ್ಲ ಅಂದ್ರೆ? ಪೊಲೀಸ್ ಕರೀತೀನಿ!”

“ಕರೀರಿ. ಎಂಟು ಕೂಸೂ ಒಂದು ಮುದುಕಿನೂ ಅವೆ, ಜೀಪು ದೊಡ್ಡದು ತರಕ್ಕೆ ಯೋಳಿ.”

“ಲೇ, ಕಾಲೋನಿಯಿಂದ ಕರ್ಕೊಂಡ್ ಬಂದು ಒಳಗೆ ಸೇರ್ಸಿದ್ರೆ ಇದೇ ಆಗೋದು! ಮುನಿಶಾಮಿ! ಬಾಗ್ಲು ಒಡಿಯೋ!”

“ಕಬ್ಬಿಣ ತರ್ತೀನಿ ಸಾರ್,” ಎಂದ ಮುನಿಶಾಮಿ. ತರುವುದಕ್ಕೆ ಹೋದವನು ಬರಲಿಲ್ಲ.

“ಕೊನೇ ಸಲ ಹೇಳ್ತಿದ್ದೀನಿ. ನಿನ್ನ ಸೊಸೆ ಕೆಲ್ಸ ಈಗಿಂದೀಗ್ಲೇ ಹೋಗ್ತದೆ. ನರಸಾಪುರದಾಗೆ ಇನ್ನ್ಯಾವ ಗೇಟೊಳಗೂ ಅವಳು ಕಾಲಿಡಂಗಿಲ್ಲ, ಹಂಗೆ ಮಾಡ್ತೀನಿ.”

ಈ ಮಾತು ಬರುತ್ತದೆಂದು ದೊಡ್ಡಗಂಗಮ್ಮನಿಗೆ ಗೊತ್ತಿತ್ತು. ಕೆಲಸ ತನ್ನದಲ್ಲ. ತಾನು ಯಾರು ಅವಳ ಕೆಲಸವನ್ನು ಪಣಕ್ಕಿಡಲು? ಚಿಲಕದ ಕಡೆ ನೋಡಿದಳು. ಊದಿದ ಹೆಬ್ಬೆರಳು ದಪದಪ ಹೊಡೆದುಕೊಳ್ಳುತ್ತಿತ್ತು. ಊಟದ ಸೈರನ್ ಕೂಗಿತು. ಸೈರನ್ನಿಗೆ ಎಂಟೂ ಮಕ್ಕಳು ಎದ್ದು, ಒಂದನ್ನು ನೋಡಿ ಒಂದು ಅಳಲು ಶುರುಮಾಡಿದವು. ಆ ಅಳು ಕಾರಿಡಾರು ದಾಟಿ ಕ್ಯಾಂಟೀನಿನವರೆಗೂ ಹೋಗಿರಬೇಕು. ಬಾಗಿಲಾಚೆ ಚಪ್ಪಲಿಗಳ ಸದ್ದು ತುಂಬಿತು.

“ಎಲ್ಲಿ ಅವಳು? ಬಾರಮ್ಮ ಇಲ್ಲಿ,” ಎಂದಿತು ಉದಯಕುಮಾರನ ದನಿ. “ನಿಮ್ಮತ್ತೆಗೆ ತಲೆ ಕೆಟ್ಟೈತೆ. ಹೇಳು, ತೆಗೀಲಿ. ತೊಟ್ಟಿಲು ಮೇಲಕ್ಕೆ ಹೋಗ್ಬೇಕು. ತೆಗೆದ್ರೆ ಏನೂ ಆಗಿಲ್ಲ ಅಂದ್ಕೋತೀನಿ. ಇಲ್ಲಾಂದ್ರೆ ನೀನು ಇಲ್ಲಿಂದಾನೇ ಮನೆಗೆ.”

ದೊಡ್ಡಗಂಗಮ್ಮ ಬಾಗಿಲಿಗೆ ಕಿವಿ ಕೊಟ್ಟಳು. ಸಹನ ಐದು ವರ್ಷದಲ್ಲಿ ಈ ಫ್ಯಾಕ್ಟರಿಯಲ್ಲಿ ಒಂದು ಸಲವೂ ಎದುರು ಮಾತಾಡಿದವಳಲ್ಲ.

“ಅತ್ತೆ.”

“ಏನೇ?”

“ಕೂಸು ಅಳ್ತಾ ಐತಾ?”

“ಅಳ್ತಾ ಐತೆ. ಹಣೆ ಬಡಿಸ್ಬಿಟ್ಳು ಕಣೇ ಆ ಮೇಡಂ. ನಿಂಗೇ ಬಿಟ್ಟಿದ್ದು. ತೆಗಿ ಅಂದ್ರೆ ತೆಗೀತೀನಿ.”



“ತೆಗೀಬ್ಯಾಡ,” ಎಂದಳು ಸಹನ. “ಕಿಟಕಿ ತಾವ ಎತ್ಕೊಂಡು ಬಾ.”

ದೊಡ್ಡಗಂಗಮ್ಮ ಎದ್ದು ಕಿಟಕಿಯ ಗಾಜು ಸರಿಸಿದಳು. ಹಿಂದಿನ ಅಂಗಳದಲ್ಲಿ ಜನರೇಟರ್ ಗುಡುಗುತ್ತಿತ್ತು, ಡೀಸೆಲ್ ಹೊಗೆ ಬಿಸಿಲಿನಲ್ಲಿ ನಿಂತಿತ್ತು. ಆ ಹೊಗೆಯೊಳಗಿಂದ ಸಹನ ಓಡಿಬಂದಳು, ಹಿಂದೆ ತರನ್ನುಮ್ ಒಂದು ಪ್ಲಾಸ್ಟಿಕ್ ಕ್ರೇಟು ಎಳೆದುಕೊಂಡು ಬಂದಳು. ಅದನ್ನು ಮಗುಚಿ ಹಾಕಿ ಸಹನ ಮೇಲೆ ಹತ್ತಿದಳು. ದೊಡ್ಡಗಂಗಮ್ಮ ಕೂಸನ್ನು ಎರಡೂ ಅಂಗೈ ಮೇಲೆ ಎತ್ತಿ ಸರಳಿಗೆ ಹಿಡಿದಳು. ಆಚೆಯಿಂದ ಸಹನ ಎದೆಯನ್ನು ಸರಳಿಗೆ ಒತ್ತಿದಳು. ಕಬ್ಬಿಣ ಬಿಸಿಲಿಗೆ ಕಾದಿತ್ತು. ಹಲ್ಲು ಕಚ್ಚಿಕೊಂಡಳು. ಕೂಸು ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಹಿಡಿಯಿತು. ಅಳು ನಿಂತಿತು.

“ಏಯ್! ಥೂ, ಮಾನ ಮರ್ಯಾದೆ ಇಲ್ವೇನ್ರೇ ನಿಮಗೆ?” ಎಂದು ಸುಬ್ರಮಣಿ ಅಂಗಳದ ಆ ತುದಿಯಿಂದ ಬಂದ. ಬರಬರುತ್ತಾ ನಿಂತ. ಊಟದ ಡಬ್ಬಿ ಕೈಯಲ್ಲೇ ಇದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಹನಳ ಸುತ್ತ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಹತ್ತು ಜನ, ಇಪ್ಪತ್ತು ಜನ. ನೀಲಿ ಏಪ್ರನ್ನುಗಳ ಗೋಡೆ ಎದ್ದಿತು. ತರನ್ನುಮ್ ಮತ್ತು ಉಳಿದ ಆರು ತಾಯಂದಿರು ಕಿಟಕಿಯ ಪಕ್ಕ ಸಾಲು ನಿಂತರು.

“ಮೇರಾ ಕಿಧರ್ ಹೈ ಅಮ್ಮಾ?” ಎಂದಳು ತರನ್ನುಮ್.

“ಇಲ್ಲೇ ಅವ್ನೆ. ತೊಟ್ಲಾಗಿಂದ್ಲೇ ನನ್ ಸೀರೆ ಹಿಡಿದು ನಿಂತವ್ನೆ. ಮುಂದ್ಲದು ನಿಂದೇ.”

ಊಟದ ಹೊತ್ತು ಮುಗಿದ ಸೈರನ್ ಕೂಗಿತು. ಯಾರೂ ಕದಲಲಿಲ್ಲ. ಒಳಗಡೆ ಬಾಗಿಲ ಮೇಲೆ ಏನೋ ಭಾರದ್ದು ಬಂದು ಬಡಿಯಿತು, ಮೇಲಿನ ಚಿಲಕದ ಒಂದು ಮೊಳೆ ಕಿತ್ತು ನೆಲಕ್ಕೆ ಬಿತ್ತು. ದೊಡ್ಡಗಂಗಮ್ಮ ತಿರುಗಿ ನೋಡಲಿಲ್ಲ. ಕೂಸು ಕೈಯಿಂದ ಜಾರದ ಹಾಗೆ ಸೊಂಟವನ್ನು ಗೋಡೆಗೆ ಆನಿಸಿದಳು. ಎರಡನೇ ಸಲ ಬಡಿಯಿತು. ಸಹನಳ ಕಣ್ಣು ಬಾಗಿಲ ಕಡೆ ಹೊರಳಿತು. ಅವಸರ ಅವಸರವಾಗಿ ಕೂಸನ್ನು ಬಿಡಿಸಲು ಹೋದಳು.

“ಯಾಕೇ ಕಿತ್ಕೋತೀಯ? ಇನ್ನೂ ಹೊಟ್ಟೆ ತುಂಬಿಲ್ಲ ಅದಕ್ಕೆ,” ಎಂದಳು ದೊಡ್ಡಗಂಗಮ್ಮ, ಕೂಸನ್ನು ಎಡಗೈಯಿಂದ ಬಲಗೈಗೆ ಬದಲಾಯಿಸುತ್ತಾ. “ತಿರುಗಿ ನಿಂತ್ಕೋ. ಆ ಕಡೇದೂ ಕೊಡು.”